ಹೂ ಕೊಯ್ಯುವ ಕೈಗೆ ಗದ್ದೆಯ ಮಣ್ಣು

ಆಗಸ್ಟ್ 30 ಬಂತೆಂದರೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಕೆಥೋಲಿಕ್ ಮನೆಗಳ ಮಕ್ಕಳಿಗೆ ಹೂವಿನ ಗಡಿಬಿಡಿ. ಅಲ್ಲಿಂದ ಸೆಪ್ಟೆಂಬರ್ 7ರ ತನಕ ಬಾಲೆ ಮರಿಯಳ ನೊವೇನ. ಒಂಬತ್ತು ದಿನವೂ ಮಕ್ಕಳು ತಟ್ಟೆಯಲ್ಲೋ ಬುಟ್ಟಿಯಲ್ಲೋ ಹೂ ತುಂಬಿಕೊಂಡು ಚರ್ಚಿಗೆ ಬರುತ್ತಾರೆ; ಸಾಲಾಗಿ ನಿಂತು, ಹಾಡು ಸಾಗುತ್ತಿರುವಾಗ ಮಾತೆಯ ಪುಟ್ಟ ಪ್ರತಿಮೆಯ ಮುಂದೆ ಸುರಿಯುತ್ತಾರೆ. ಮರುದಿನ, ಸೆಪ್ಟೆಂಬರ್ 8ರಂದು, ಮರಿಯಮ್ಮನ ಹುಟ್ಟುಹಬ್ಬ. ಅಂದೇ ಹೊಸ ತೆನೆಯ ಹಬ್ಬ. ಊರವರ ಬಾಯಲ್ಲಿ ಅದು ಮೊಂತಿ ಫೆಸ್ತ್, ತೆನೆ ಹಬ್ಬ, ತುಳುವಿನಲ್ಲಿ ಕುರಲ್ ಪರ್ಬ.

ಹಳ್ಳಿಯ ಚರ್ಚುಗಳಿಗೆ ಈ ಹೂ ಬರುತ್ತಿದ್ದದ್ದು ಬೇಲಿಗಳಿಂದ. ತುಳುವರ ಸೋಣ ತಿಂಗಳ ಮಳೆ ಬಿಟ್ಟು ಬಿಟ್ಟು ಸುರಿಯುವ ಕಾಲ ಅದು. ದಾಸವಾಳ, ಕೇಪಳ, ನಂದಿಬಟ್ಟಲು, ರತ್ನಗಂಧಿ ಅಂಗಳದಲ್ಲೇ ಸಿಗುತ್ತಿದ್ದವು. ಮುರಕಲ್ಲಿನ ಗೋಡೆಯ ಸಂದಿಯಲ್ಲಿ ಯಾರೂ ನೆಡದ ಕರ್ಣಕುಂಡಲ, ಗುಡ್ಡೆಯ ಬದಿಯಲ್ಲಿ ಗೋಪುರದ ಹಾಗೆ ಅಂತಸ್ತು ಅಂತಸ್ತಾಗಿ ಅರಳುವ ರಥಪುಷ್ಪ, ಗದ್ದೆಯ ಅಂಚಿನಲ್ಲಿ ತುಂಬೆ. ಯಾರ ಮನೆಯ ಬೇಲಿಯಲ್ಲಿ ಏನಿದೆ ಎಂಬುದು ಆ ವಠಾರದ ಮಕ್ಕಳಿಗೆ ಬಾಯಿಪಾಠ. ಆ ಬೇಲಿ ಶೆಟ್ಟರದ್ದೋ ಬ್ಯಾರಿಗಳದ್ದೋ ಭಟ್ಟರದ್ದೋ ಆಗಿರಬಹುದು, ಕೇಳಿಯೇ ಕೊಯ್ಯಬೇಕು. ಕೇಪಳದ ಗೊಂಚಲನ್ನು ಒಮ್ಮೆ ಕೊಡವಬೇಕು, ಇಲ್ಲವಾದರೆ ಇರುವೆ ಮೈಗೆ ಹತ್ತುತ್ತದೆ. ಮೊಗ್ಗು ಮುಟ್ಟಬಾರದು, ನಾಳೆಗೆ ಬೇಕು. ಒಂದೇ ಗಿಡವನ್ನು ಬೋಳು ಮಾಡಬಾರದು, ನಾಡಿದ್ದಿಗೂ ಬೇಕು. ಒಂಬತ್ತು ದಿನಕ್ಕೆ ಹೂ ಸಾಲಬೇಕು ಎಂಬ ಲೆಕ್ಕಾಚಾರ ಏಳು ವರ್ಷದ ಹುಡುಗಿಯ ತಲೆಯಲ್ಲಿ ತಾನೇ ತಾನಾಗಿ ಕೂಡುತ್ತಿತ್ತು. ಸಂಪನ್ಮೂಲದ ಮಿತಬಳಕೆ ಎಂದು ಪಠ್ಯಪುಸ್ತಕ ಪುಟಗಟ್ಟಲೆ ವಿವರಿಸುವುದನ್ನು ಆ ಹುಡುಗಿ ದಾಸವಾಳದ ಗಿಡದ ಬುಡದಲ್ಲಿ ನಿಂತು ಕಲಿತುಬಿಡುತ್ತಿದ್ದಳು.

ಮಕ್ಕಳಿಗೆ ಪ್ರಕೃತಿಯ ಕಾಳಜಿಯನ್ನು ಕ್ರೈಸ್ತ ವಿಶ್ವಾಸದ ಭಾಗವಾಗಿ ಹೇಗೆ ಕಲಿಸುವುದು ಎಂಬ ಚರ್ಚೆ ಈಗ ಎಲ್ಲ ಕಡೆ ನಡೆಯುತ್ತಿದೆ. ಪಠ್ಯಕ್ರಮಗಳು ಬರುತ್ತಿವೆ, ಪೋಸ್ಟರ್ ಸ್ಪರ್ಧೆಗಳು ನಡೆಯುತ್ತಿವೆ, ಪರಿಸರ ದಿನವಾದ ಜೂನ್ 5ರಂದು ಚರ್ಚಿನ ಅಂಗಳದಲ್ಲಿ ಸಸಿ ಹಿಡಿದ ಫೋಟೊಗಳು ತುಂಬುತ್ತವೆ. ಅದೆಲ್ಲ ಇರಲಿ. ಆದರೆ ನಮ್ಮ ಕರಾವಳಿಯ ಮಟ್ಟಿಗೆ ಹೊಸ ಪಾಠ ಹುಡುಕುವ ಮೊದಲು ಕೈಯಲ್ಲಿರುವುದನ್ನು ನೋಡಬೇಕು. ಇನ್ನೂರೈವತ್ತು ವರ್ಷಗಳಿಗೂ ಹಿಂದಿನಿಂದ ನಡೆದುಬಂದ ಒಂದು ಹಬ್ಬ ನಮ್ಮಲ್ಲಿ ಆ ಶಾಲೆಯನ್ನು ತೆರೆದೇ ಇಟ್ಟಿದೆ. ಅದರಲ್ಲಿ ಮಣ್ಣಿದೆ, ಬೀಜವಿದೆ, ಮಳೆಯಿದೆ, ಪ್ರಾರ್ಥನೆಯಿದೆ, ಊಟವಿದೆ. ನಾವು ದೊಡ್ಡವರು ಅದರಿಂದ ಒಂದೊಂದನ್ನೇ ತೆಗೆದುಹಾಕುತ್ತ ಬಂದು, ಮಕ್ಕಳ ಕೈಗೆ ಈಗ ಪ್ಲಾಸ್ಟಿಕ್ ಚೀಲದ ಹೂವನ್ನಷ್ಟೇ ಉಳಿಸಿದ್ದೇವೆ. ಪೇಟೆಯ ಚರ್ಚುಗಳಲ್ಲಿ ನೊವೇನದ ಹೂವೆಂದರೆ ಬಹುತೇಕ ಘಟ್ಟದ ಮೇಲಿಂದ ಲಾರಿಯಲ್ಲಿ ಬಂದ ಸೇವಂತಿಗೆ. ಅದು ಎಲ್ಲಿ ಬೆಳೆಯಿತು, ಯಾರು ಬೆಳೆದರು, ಎಷ್ಟು ಔಷಧ ಹೊಡೆದರು ಎಂದು ಮಗುವಿಗೆ ಗೊತ್ತಿಲ್ಲ. ಹೂ ಸುರಿಯುವ ಕ್ರಿಯೆ ಉಳಿದಿದೆ, ಹುಡುಕುವ ಕ್ರಿಯೆ ಹೋಗಿದೆ.

ಹಬ್ಬದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮಂಗಳೂರಿನಿಂದ ಬಿ.ಸಿ. ರೋಡಿನ ಕಡೆ ಹೋಗುವಾಗ ನೇತ್ರಾವತಿಯ ದಡದಲ್ಲಿ ಸಿಗುವ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದ ಇದನ್ನು ಆರಂಭಿಸಿದರು ಎಂಬುದು ಸಮುದಾಯದ ನೆನಪು. ಮಕ್ಕಳು ಹೂ ತರುವಾಗ ಇಂದಿಗೂ ಹಾಡುವ ಕೊಂಕಣಿ ಗೀತೆಯೂ ಅವರದ್ದೇ ಎನ್ನುತ್ತಾರೆ. ಗೋವೆಯಲ್ಲಿ ಮೊದಲಿನಿಂದಲೂ ಹೊಸ ತೆನೆಯ ಹಬ್ಬಗಳಿವೆ. ಅಲ್ಲಿನ ರಾಯಾ ಗ್ರಾಮದಲ್ಲಿ ಆಗಸ್ಟ್ 5ಕ್ಕೇ ತೆನೆ ಕೊಯ್ಯುತ್ತಾರೆ. ಗೋವೆಯಿಂದ ವಲಸೆ ಬಂದವರು ಭತ್ತದ ಬೇಸಾಯವನ್ನೂ ಹೊಸ ತೆನೆಯ ರೂಢಿಯನ್ನೂ ಜೊತೆಗೇ ತಂದರು. ಬಂದ ಊರಿನಲ್ಲಿ ನೆರೆಯವರ ಮನೆಯಲ್ಲೂ ಅದೇ ನಡೆಯುತ್ತಿತ್ತು. ತುಳುವರು ತೆನೆ ತಂದು ಮನೆ ತುಂಬಿಸುತ್ತಾರೆ, ಹೊಸ ಅಕ್ಕಿಯ ಊಟ ಮಾಡುತ್ತಾರೆ; ಕೊಡವರದ್ದು ಪುತ್ತರಿ. ಹೀಗೆ ಒಂದೇ ಗದ್ದೆಯ ಬದುಕು ಬೇರೆ ಬೇರೆ ಪ್ರಾರ್ಥನೆಗಳಲ್ಲಿ ಮಾತಾಡಿತು. ಮಕ್ಕಳಿಗೆ ಇದನ್ನು ಹೇಳಿಕೊಡುವುದೂ ಧರ್ಮಶಿಕ್ಷಣದ ಭಾಗವೇ. ತನ್ನ ಹಬ್ಬ ಪಕ್ಕದ ಮನೆಯ ಹಬ್ಬದ ಬಂಧು ಎಂದು ತಿಳಿದ ಮಗುವಿಗೆ ಆ ಬೇಲಿಯ ಹೂ ಕೇಳಲು ಸಂಕೋಚವಾಗುವುದಿಲ್ಲ.

ಮೊಂತೆ ಮರಿಯಾನೊ ಇಂದು ಕಪುಚಿನ್ ಸನ್ಯಾಸಿಗಳ ನೆಲೆ. ಕಪುಚಿನ್ನರು ಸಂತ ಫ್ರಾನ್ಸಿಸ್ ಅಸ್ಸಿಸಿಯ ಪರಂಪರೆಯವರು. ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದು ಫ್ರಾನ್ಸಿಸ್ 1225ರ ಸುಮಾರಿಗೆ ಒಂದು ಸ್ತುತಿಗೀತೆ ರಚಿಸಿದರು. ಆಗ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು, ಕಣ್ಣು ಬಹುಮಟ್ಟಿಗೆ ಹೋಗಿತ್ತು. ಬೆಳಕು ಕಣ್ಣಿಗೆ ಚುಚ್ಚುತ್ತಿದ್ದ ಹೊತ್ತಿನಲ್ಲಿ ಅವರು ಸೂರ್ಯನನ್ನು ಹೊಗಳಿದರು. ತರಗತಿಯಲ್ಲಿ ಈ ಭಾಗ ಬಂದಾಗ ಮಕ್ಕಳು ಗಲಾಟೆ ನಿಲ್ಲಿಸಿ ಕೇಳುವುದನ್ನು ಕಂಡಿದ್ದೇನೆ. ತೋಳಕ್ಕೆ ಬುದ್ಧಿ ಹೇಳಿದ, ಹಕ್ಕಿಗಳಿಗೆ ಉಪದೇಶ ಮಾಡಿದ ಕಥೆಗಳು ಅವರಿಗೆ ಇಷ್ಟ. ಆದರೆ ಈ ಪ್ರಸಂಗ ಅವರನ್ನು ತಟ್ಟುತ್ತದೆ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರಕ್ಕೆ ಹೆಸರು ಬಂದದ್ದು ಇದೇ ಗೀತೆಯಿಂದ. ಆರು ಅಧ್ಯಾಯ, 246 ಕಂಡಿಕೆಗಳ ಆ ಪತ್ರದ ಕೊನೆಯ ಅಧ್ಯಾಯ ಪೂರ್ತಿ ಶಿಕ್ಷಣ ಮತ್ತು ಅಧ್ಯಾತ್ಮದ್ದು. ಅಲ್ಲಿ ಪೋಪ್ ದೊಡ್ಡ ಸಿದ್ಧಾಂತಗಳಿಂದ ಕೆಳಗಿಳಿದು ಮನೆಯೊಳಗೆ ಬರುತ್ತಾರೆ. ತಿನ್ನುವಷ್ಟೇ ಬೇಯಿಸುವುದು, ಬೇಡದ ದೀಪ ಆರಿಸುವುದು, ನೀರು ಉಳಿಸುವುದು, ಕಸ ಬೇರ್ಪಡಿಸುವುದು, ಮರ ನೆಡುವುದು, ಊಟಕ್ಕೆ ಮೊದಲು ಮತ್ತು ಆಮೇಲೆ ಕ್ಷಣಹೊತ್ತು ನಿಂತು ದೇವರನ್ನು ನೆನೆಯುವುದು. ಈ ಶಿಕ್ಷಣಕ್ಕೆ ಶಾಲೆ, ಮಾಧ್ಯಮ, ಧರ್ಮೋಪದೇಶ ತರಗತಿ ಎಲ್ಲವೂ ಬೇಕು, ಆದರೆ ಕುಟುಂಬದ್ದೇ ಮುಖ್ಯ ಪಾತ್ರ ಎಂಬುದು ಅವರ ಒತ್ತು. ಕಾಳಜಿಯೆಂಬುದು ಮಾಹಿತಿಯಿಂದ ಹುಟ್ಟುವುದಿಲ್ಲ, ಅಭ್ಯಾಸದಿಂದ ಮೈಗೂಡುತ್ತದೆ ಎಂದು ಬಲ್ಲವರ ಮಾತು ಅದು.

ಇಲ್ಲಿ ಒಂದು ಹಳೆಯ ಆರೋಪವನ್ನು ಮರೆಮಾಚದೆ ಎದುರಿಸಬೇಕು. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪರಿಸರದ ಇಂದಿನ ಬಿಕ್ಕಟ್ಟಿಗೆ ಪಾಶ್ಚಾತ್ಯ ಕ್ರೈಸ್ತಧರ್ಮ ದೊಡ್ಡ ಹೊಣೆ ಹೊರಬೇಕು, ಭೂಮಿಯ ಮೇಲೆ ದೊರೆತನ ಮಾಡಲು ದೇವರೇ ಮನುಷ್ಯನಿಗೆ ಹೇಳಿದನೆಂಬ ನಂಬಿಕೆ ಅದರ ಬೇರಿನಲ್ಲಿದೆ ಎಂದು ವಾದಿಸಿದರು. ವೈಟ್ ಸ್ವತಃ ಕ್ರೈಸ್ತರು. ಅವರ ವಾದವನ್ನು ಅನೇಕರು ಖಂಡಿಸಿದ್ದಾರೆ, ಇತಿಹಾಸ ಅಷ್ಟು ಸರಳವಲ್ಲ ಎಂದಿದ್ದಾರೆ. ಆದರೂ ಆದಿಕಾಂಡದ ಮೊದಲ ಅಧ್ಯಾಯದ ಆ ಮಾತನ್ನು ಹಿಡಿದುಕೊಂಡು ಎರಡನೆಯ ಅಧ್ಯಾಯವನ್ನು ಮರೆತ ಬೋಧನೆ ನಮ್ಮಲ್ಲಿ ಬಹಳ ಕಾಲ ನಡೆಯಿತು ಎಂಬುದು ನಿಜ. ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಮಣ್ಣಿನಿಂದಲೇ ಮಾಡಿ, ತೋಟದಲ್ಲಿ ಇಟ್ಟು, ಅದನ್ನು ವ್ಯವಸಾಯ ಮಾಡುವ ಹಾಗೂ ಕಾಯುವ ಕೆಲಸಕ್ಕೆ ಹಚ್ಚುತ್ತಾನೆ. ವೈಟ್ ತಮ್ಮ ಲೇಖನದ ಕೊನೆಗೆ ಒಂದು ಸಲಹೆ ಕೊಟ್ಟಿದ್ದರು: ಪರಿಸರ ಪ್ರಿಯರಿಗೆ ಅಸ್ಸಿಸಿಯ ಫ್ರಾನ್ಸಿಸ್ ಪಾಲಕ ಸಂತರಾಗಲಿ. ಹನ್ನೆರಡು ವರ್ಷಗಳ ಬಳಿಕ, 1979ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಅದನ್ನೇ ಘೋಷಿಸಿದರು. ಟೀಕೆಯನ್ನು ಕೇಳಿಸಿಕೊಂಡ ಧರ್ಮಸಭೆಯೂ ಮಕ್ಕಳಿಗೆ ಒಂದು ಪಾಠವೇ.

ಬೈಬಲಿನಲ್ಲಿ ಮಕ್ಕಳಿಗೆಂದೇ ಬರೆದಂತಿರುವ ಪರಿಸರದ ಮಾತುಗಳು ಎಷ್ಟೋ ಇವೆ. ತರಗತಿಗಳಲ್ಲಿ ಅವು ಓದಿಗೆ ಬರುವುದು ಅಪರೂಪ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಹಕ್ಕಿಗೂಡಿನ ಕಾನೂನು ಇದೆ. ದಾರಿಯಲ್ಲಿ ಗೂಡು ಕಂಡು, ತಾಯಿ ಹಕ್ಕಿ ಮೊಟ್ಟೆ ಅಥವಾ ಮರಿಗಳ ಮೇಲೆ ಕೂತಿದ್ದರೆ ತಾಯಿಯನ್ನೂ ಮರಿಯನ್ನೂ ಒಟ್ಟಿಗೆ ಹಿಡಿಯಬಾರದು, ತಾಯಿಯನ್ನು ಬಿಟ್ಟುಬಿಡಬೇಕು. ಸಂತತಿ ಅಳಿಯಬಾರದೆಂಬ ವಿವೇಕ ಅದರಲ್ಲಿದೆ, ತಾಯಿಯೆಂಬ ಕರುಣೆಯೂ ಇದೆ. ಅದಕ್ಕೆ ಎರಡು ಅಧ್ಯಾಯ ಹಿಂದೆ ಇನ್ನೊಂದು: ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬೇಡಿ. ಯಾಜಕಕಾಂಡದಲ್ಲಿ ಏಳನೇ ವರ್ಷ ಭೂಮಿಗೆ ರಜೆ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗೂ ಬಿಟ್ಟುಬಿಡಬೇಕೆಂಬ ಆಜ್ಞೆ. ಭೂಮಿಗೂ ರಜೆ ಉಂಟಾ ಎಂದು ಕೇಳಿದ ಹುಡುಗನಿಗೆ ಗದ್ದೆಯ ಮಣ್ಣು ಹೇಗೆ ದಣಿಯುತ್ತದೆ ಎಂದು ವಿವರಿಸಲು ಹೊರಟರೆ ಸಾಕು, ಇಡೀ ಗಂಟೆ ಹೋಗಿಬಿಡುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯ. ಐದು ಸಾವಿರ ಜನಕ್ಕೆ ಊಟ. ಜವೆಗೋಧಿಯ ಐದು ರೊಟ್ಟಿ, ಎರಡು ಮೀನು ಇದ್ದದ್ದು ಒಬ್ಬ ಹುಡುಗನ ಹತ್ತಿರ ಎಂದು ಯೊವಾನ್ನ ಮಾತ್ರ ಬರೆಯುತ್ತಾನೆ. ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೆ ಯೇಸುಸ್ವಾಮಿ ಶಿಷ್ಯರಿಗೆ ಹೇಳುವುದು ಏನು? ಉಳಿದ ತುಣುಕು ಹಾಳಾಗದಂತೆ ಒಟ್ಟುಮಾಡಿ ಎಂದು. ಹನ್ನೆರಡು ಬುಟ್ಟಿ ತುಂಬುತ್ತದೆ. ಅದ್ಭುತ ಮಾಡಬಲ್ಲವನಿಗೆ ತುಣುಕಿನ ಚಿಂತೆ ಯಾಕೆ? ಬೇಕಾದಷ್ಟು ಸೃಷ್ಟಿಸಬಲ್ಲವನೇ ಒಂದು ಚೂರೂ ಬಿಸಾಡಬೇಡಿ ಎನ್ನುತ್ತಾನೆ. ಈ ಕಥೆಯನ್ನು ಓದಿದ ದಿನವೇ ಚರ್ಚಿನ ವಾರ್ಷಿಕ ಹಬ್ಬದ ಊಟದ ಮೈದಾನವನ್ನು ಮಕ್ಕಳಿಗೆ ತೋರಿಸಬೇಕು. ಅರ್ಧ ಉಂಡ ತಟ್ಟೆಗಳು, ಥರ್ಮೊಕೋಲಿನ ಬಟ್ಟಲು, ಒಂದೇ ಗುಟುಕು ಕುಡಿದು ಎಸೆದ ನೀರಿನ ಬಾಟಲಿ. ತಟ್ಟೆಯ ಬದಲು ಬಾಳೆಲೆ ಅಥವಾ ತೊಳೆಯುವ ಸ್ಟೀಲು, ಬಾಟಲಿಯ ಬದಲು ಡ್ರಮ್ಮು ಮತ್ತು ಲೋಟ ಎಂದು ತೀರ್ಮಾನಿಸಲು ಚರ್ಚಿನ ಪಾಲನಾ ಮಂಡಳಿಗೆ ಒಂದು ಸಭೆ ಸಾಕು. ಆದರೆ ಉಳಿದದ್ದನ್ನು ಒಟ್ಟುಮಾಡುವ ಬುಟ್ಟಿ ಹಿಡಿಯುವವರು ಮಕ್ಕಳಾಗಲಿ. ಆ ಕಥೆಯಲ್ಲಿ ಕೊಟ್ಟವನು ಒಬ್ಬ ಹುಡುಗ. ಒಟ್ಟುಮಾಡುವಾಗಲೂ ಅವನು ಅಲ್ಲೇ ಇದ್ದನೆಂದು ಅವರು ತಾವೇ ಊಹಿಸಿಕೊಳ್ಳುತ್ತಾರೆ.

ಮಕ್ಕಳ ಮನಸ್ಸು ದೊಡ್ಡವರ ಬೋಧನೆಗಿಂತ ಎಷ್ಟೋ ಸಲ ಮುಂದಿರುತ್ತದೆ ಎಂಬುದಕ್ಕೆ ಆಲ್ಬರ್ಟ್ ಶ್ವೈಟ್ಸರ್ ಅವರ ಬಾಲ್ಯ ಸಾಕ್ಷಿ. ಆಲ್ಸೇಸಿನ ಗುನ್ಸ್‌ಬಾಖ್ ಎಂಬ ಹಳ್ಳಿಯ ಪಾದ್ರಿಯ ಮಗ. ರಾತ್ರಿಯ ಪ್ರಾರ್ಥನೆಯಲ್ಲಿ ಮನುಷ್ಯರಿಗಾಗಿ ಮಾತ್ರ ಬೇಡುವುದು ಯಾಕೆಂದು ಆ ಹುಡುಗನಿಗೆ ಅರ್ಥವಾಗುತ್ತಿರಲಿಲ್ಲ. ಅಮ್ಮ ಪ್ರಾರ್ಥನೆ ಮುಗಿಸಿ ಮುತ್ತಿಟ್ಟು ಹೋದ ಮೇಲೆ, ಉಸಿರಾಡುವ ಎಲ್ಲ ಜೀವಿಗಳಿಗಾಗಿ ಅವನು ತಾನೇ ಕಟ್ಟಿಕೊಂಡ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ. ಏಳೆಂಟು ವರ್ಷವಿದ್ದಾಗ ಗೆಳೆಯನೊಬ್ಬ ಕವಣೆ ಹಿಡಿದು ಹಕ್ಕಿ ಹೊಡೆಯಲು ಕರೆದುಕೊಂಡು ಹೋದ. ತಪಸ್ಸುಕಾಲದ ಒಂದು ಬೆಳಿಗ್ಗೆ. ಗುರಿಯಿಟ್ಟು ನಿಂತಿದ್ದಾಗ ಚರ್ಚಿನ ಗಂಟೆ ಬಾರಿಸಿತು. ಹುಡುಗ ಕವಣೆ ಬಿಸಾಡಿ, ಕೂಗಿ ಹಕ್ಕಿಗಳನ್ನು ಓಡಿಸಿ, ಮನೆಗೆ ಓಡಿದ. ಗೆಳೆಯರು ನಗುತ್ತಾರೆಂಬ ಭಯ ಅಂದಿನಿಂದ ತನ್ನನ್ನು ಬಿಡತೊಡಗಿತು ಎಂದು ಅವರು ಮುಂದೆ ಬಾಲ್ಯದ ನೆನಪುಗಳಲ್ಲಿ ಬರೆದರು. ಆಫ್ರಿಕದ ಲಂಬರೇನೆಯಲ್ಲಿ ವೈದ್ಯರಾಗಿ ದುಡಿಯುತ್ತಿದ್ದಾಗ, 1915ರಲ್ಲಿ ಒಗೊವೆ ನದಿಯಲ್ಲಿ ಪಯಣಿಸುವಾಗ, ಜೀವದ ಬಗೆಗಿನ ಪೂಜ್ಯಭಾವವೇ ನೀತಿಯ ಮೂಲ ಎಂಬ ಅವರ ಪ್ರಸಿದ್ಧ ಚಿಂತನೆ ಹೊಳೆಯಿತು. ಅದರ ಬೀಜ ಮಲಗುವ ಹೊತ್ತಿನ ಆ ಗುಟ್ಟಿನ ಪ್ರಾರ್ಥನೆಯಲ್ಲಿತ್ತು. ನಮ್ಮ ಮನೆಗಳಲ್ಲಿ ಜಪಸರದ ಪ್ರಾರ್ಥನೆಯಾದ ತೆರ್ಸ್ ಮುಗಿದ ಮೇಲೆ ಅಜ್ಜ, ಅಜ್ಜಿ, ಕುವೈತಿನ ಮಾವ, ಕಾಯಿಲೆಯ ದೊಡ್ಡಮ್ಮ ಎಲ್ಲರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಮಗು ಅಲ್ಲಿ ಕರುವನ್ನೂ ಬತ್ತಿದ ಬಾವಿಯನ್ನೂ ಸೇರಿಸಿದರೆ ತಡೆಯಬೇಡಿ.

ಒಂದು ಎಚ್ಚರ ಬೇಕು. ಪರಿಸರ ಪಾಠ ಈಗ ಹೆಚ್ಚಾಗಿ ಹೆದರಿಕೆಯಿಂದ ಆರಂಭವಾಗುತ್ತಿದೆ. ಹಿಮ ಕರಗುತ್ತಿದೆ, ಕಡಲು ಏರುತ್ತಿದೆ, ಹಕ್ಕಿಗಳು ಅಳಿಯುತ್ತಿವೆ. ಎಲ್ಲವೂ ನಿಜ, ಉಳ್ಳಾಲ, ಸೋಮೇಶ್ವರದ ಮಕ್ಕಳಿಗೆ ಕಡಲ್ಕೊರೆತವನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎಂಟು ವರ್ಷದ ಮಗುವಿನ ತಲೆಯ ಮೇಲೆ ಭೂಮಂಡಲದ ಭಾರ ಹೊರಿಸಿದರೆ ಅದು ಬೆದರುತ್ತದೆ, ಬೆದರಿದ ಮನಸ್ಸು ಕೊನೆಗೆ ಮುಖ ತಿರುಗಿಸಿಕೊಳ್ಳುತ್ತದೆ. ಕ್ರೈಸ್ತ ವಿಶ್ವಾಸ ಬೇರೆ ದಾರಿಯಿಂದ ಬರುತ್ತದೆ. ಮೊದಲು ವಿಸ್ಮಯ ಮತ್ತು ಕೃತಜ್ಞತೆ, ಆಮೇಲೆ ಹೊಣೆ. ಇದು ನನಗೆ ಕೊಟ್ಟದ್ದು, ನಾನು ಮಾಡಿದ್ದಲ್ಲ ಎಂದು ತಿಳಿದವನು ಅದನ್ನು ಜೋಪಾನ ಮಾಡುತ್ತಾನೆ. ತಪ್ಪು ಮಾಡಿದರೆ ಪಶ್ಚಾತ್ತಾಪಕ್ಕೂ ಅಲ್ಲಿ ಜಾಗವಿದೆ. ಸೃಷ್ಟಿಯ ಮೇಲೆ ಮಾಡುವ ಅಪರಾಧ ಪಾಪವೇ ಎಂದು ಕಾನ್‌ಸ್ಟಾಂಟಿನೋಪಲಿನ ಪಿತೃಪ್ರಧಾನ ಬಾರ್ತಲೊಮ್ಯೊ 1997ರಲ್ಲೇ ಸಾರಿದರು. ಅವರಿಗಿಂತ ಮುಂಚಿನ ಪಿತೃಪ್ರಧಾನ ದಿಮಿತ್ರಿಯೊಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದ್ದರು. 2015ರಲ್ಲಿ ಕೆಥೋಲಿಕ್ ಧರ್ಮಸಭೆಯೂ ಆ ದಿನವನ್ನು ಸ್ವೀಕರಿಸಿತು. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರ ವರೆಗಿನ ದಿನಗಳನ್ನು ಈಗ ಬೇರೆ ಬೇರೆ ಸಭೆಗಳವರು ಸೇರಿ ಸೃಷ್ಟಿಯ ಕಾಲವೆಂದು ಆಚರಿಸುತ್ತಾರೆ.

ನಮ್ಮ ನೊವೇನದ ಮೊದಲ ಎರಡು ದಿನ ಬಿಟ್ಟರೆ ಉಳಿದದ್ದೆಲ್ಲ ಈ ಕಾಲದ ಒಳಗೇ ಬರುತ್ತದೆ ಎಂಬುದನ್ನು ಗಮನಿಸಿ. ಯುರೋಪಿನ ಸಭೆಗಳು ಇದಕ್ಕಾಗಿ ಹೊಸ ಆಚರಣೆಗಳನ್ನು ರೂಪಿಸುತ್ತಿರುವಾಗ, ಕರಾವಳಿಯ ಮಕ್ಕಳು ಆ ಹೊತ್ತಿಗೆ ಕೈತುಂಬ ಹೂ ಹಿಡಿದು ಚರ್ಚಿನ ದಾರಿಯಲ್ಲಿರುತ್ತಾರೆ. ಅವರನ್ನು ಒಂದು ಹೆಜ್ಜೆ ಮುಂದೆ ಕರೆದೊಯ್ದರೆ ಸಾಕು. ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನೂ ಹಕ್ಕಿಗಳನ್ನೂ ಆದಾಮನ ಬಳಿಗೆ ತಂದು, ಅವನು ಏನು ಹೆಸರಿಡುತ್ತಾನೋ ನೋಡೋಣವೆಂದು ಕಾಯುತ್ತಾನೆ. ದೇವರು ಕಾಯುತ್ತಾನೆ! ನೊವೇನದ ಒಂದೊಂದು ದಿನವೂ ಮಕ್ಕಳು ತಾವು ತಂದ ಹೂವೊಂದರ ಹೆಸರನ್ನು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಲಿ. ಅದಕ್ಕೆ ಯಾವ ಚಿಟ್ಟೆ ಬರುತ್ತದೆ, ಅದು ಬೆಳಿಗ್ಗೆ ಅರಳುತ್ತದೋ ಸಂಜೆಯೋ ಎಂದು ನೋಡಿಕೊಂಡು ಬರಲಿ. ಮನೆಯಲ್ಲಿ ಹೂವಿಲ್ಲದ ಫ್ಲ್ಯಾಟಿನ ಮಗು ಒಂದೇ ಎಲೆ ತಂದರೂ ಆದೀತು, ಹೆಸರು ಗೊತ್ತಿರಲಿ. ಕೊಯ್ಯದೆ ನೋಡಿ ಬರಬೇಕಾದ ಹೂಗಳೂ ಇವೆ. ಅದೇ ಸಮಯಕ್ಕೆ ನಮ್ಮ ಮುರಕಲ್ಲಿನ ಪಾದೆಗಳ ಮೇಲೆ, ಬೆರಳೆತ್ತರವೂ ಇಲ್ಲದ ನೀಲಿ ಯುಟ್ರಿಕ್ಯುಲೇರಿಯ ನೆಲ ತುಂಬ ಅರಳುತ್ತದೆ. ಬುಡದ ಕಡೆ ಸಣ್ಣ ಚೀಲಗಳಿಟ್ಟುಕೊಂಡು ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ಗಿಡ ಅದು. ಮಣ್ಣೇ ಇಲ್ಲದ ಕಲ್ಲಿನ ಮೇಲೆ ಬದುಕಲು ಅದಕ್ಕೆ ದೊರೆತ ಉಪಾಯ. ಈ ಪಾದೆಗಳನ್ನು ಪಾಳುಭೂಮಿ ಎಂದು ಕರೆದು ಕಲ್ಲುಕೋರೆಗೆ ಕೊಡುತ್ತೇವೆ. ಮಂಡಿಯೂರಿ ಆ ಹೂವನ್ನು ಒಮ್ಮೆ ನೋಡಿದ ಮಗು ದೊಡ್ಡದಾದ ಮೇಲೆ ಆ ಪಾದೆಯನ್ನು ಪಾಳು ಎನ್ನಲಾರದು.

ಗಿಡದ ಹೆಸರು ಕಲಿಯುವುದು ಭಕ್ತಿಯ ಕೆಲಸ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆಯಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಯೇಸುಸಭೆಯ ಗುರು ಸೆಸಿಲ್ ಸಲ್ಡಾನ ಸಸ್ಯವಿಜ್ಞಾನಿ. ಡಾನ್ ನಿಕೊಲ್ಸನ್ ಅವರ ಜೊತೆ ಅವರು ಸಿದ್ಧಪಡಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಬಂತು. ಮುಂದೆ ಇಡೀ ಕರ್ನಾಟಕದ ಸಸ್ಯಗಳ ಗ್ರಂಥಕ್ಕೆ ಕೈಹಾಕಿ 1984ರಲ್ಲಿ ಮೊದಲ ಸಂಪುಟ ತಂದರು. ಘಟ್ಟದ ಕಾಡುಗಳಲ್ಲಿ ಅಲೆದು, ಒಂದೊಂದು ಗಿಡವನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದಿಟ್ಟ ಪಾದ್ರಿ. ನಮ್ಮ ಭಾನುವಾರದ ತರಗತಿಗಳಲ್ಲಿ ದೂರದ ಸಂತರ ಕಥೆ ಹೇಳುತ್ತೇವೆ, ಇವರ ಹೆಸರು ಮಕ್ಕಳಿಗೆ ಗೊತ್ತಿಲ್ಲ. ಗೊತ್ತಾಗಬೇಕು.

ಇನ್ನು ತೆನೆ. ಸೆಪ್ಟೆಂಬರ್ 8ರ ಬೆಳಿಗ್ಗೆ ಗುರುಗಳು ತೆನೆಯ ಹೊರೆಯನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚಿನೊಳಗೆ ತಂದು, ಪೂಜೆಯ ನಂತರ ಮನೆಮನೆಗೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಮನೆಯಲ್ಲಿ ದೇವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿ, ಭತ್ತದ ಕಾಳನ್ನು ಉಗುರಿನಿಂದ ಬಿಡಿಸಿ, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯುತ್ತಾರೆ. ಉಗುರಿನಿಂದ ಕಾಳು ಬಿಡಿಸುವ ಆ ಕೆಲಸವನ್ನು ಮಕ್ಕಳಿಗೇ ಕೊಡಬೇಕು. ಹೊಟ್ಟು ಚುಚ್ಚುತ್ತದೆ, ಕಾಳು ಜಾರಿ ಬೀಳುತ್ತದೆ, ಐದು ಕಾಳಿಗೆ ಐದು ನಿಮಿಷ ಬೇಕು. ಒಂದು ತುತ್ತು ಅನ್ನದಲ್ಲಿ ಎಷ್ಟು ಕಾಳಿದೆ ಎಂದು ಅವರು ತಾವಾಗಿಯೇ ಕೇಳುತ್ತಾರೆ. ದುಬೈ, ಮುಂಬೈಗಳಲ್ಲಿರುವ ಅಣ್ಣ ಅಕ್ಕಂದಿರಿಗೆ ಒಂದೆರಡು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ರೂಢಿಯೂ ಉಂಟು. ಅಂದು ಬಾಳೆಲೆಯ ಮೇಲೆ ಮೀನು ಮಾಂಸವಿಲ್ಲ. ಹರಿವೆ ದಂಟಿಗೆ ಅಮಟೆಕಾಯಿ ಹಾಕಿದ ಪದಾರ್ಥ, ಹೀರೆ, ಬೆಂಡೆ, ತೊಂಡೆ, ಕೊನೆಗೆ ಹೆಸರುಬೇಳೆಯ ಪಾಯಸ. ಮಳೆಗಾಲದಲ್ಲಿ ಮನೆಯ ಹಿತ್ತಿಲು ಏನು ಕೊಡುತ್ತದೋ ಅದೇ ಅಂದಿನ ಊಟ. ಪೇಟೆಯಿಂದ ಕ್ಯಾರೆಟ್ಟು, ಹೂಕೋಸು ತರಿಸಿ ಒಂಬತ್ತು ಬಗೆ ಮಾಡುವುದಕ್ಕಿಂತ ಹಿತ್ತಿಲಿನದ್ದೇ ಮೂರು ಬಗೆ ಇದ್ದರೆ ಹಬ್ಬಕ್ಕೆ ನ್ಯಾಯ.

ಆದರೆ ತೆನೆ ಬರುವುದು ಎಲ್ಲಿಂದ? ಬೈಲು, ಮಜಲು, ಬೆಟ್ಟು ಎಂದು ಮೂರು ತರದ ಗದ್ದೆ ಇದ್ದ ನಾಡು ಇದು. ಅಡಿಕೆ ಬಂತು, ರಬ್ಬರ್ ಬಂತು, ಸೈಟುಗಳಾದವು, ಕೆಲಸಕ್ಕೆ ಜನ ಸಿಗದೆ ಗದ್ದೆಗಳು ಹಡಿಲು ಬಿದ್ದವು. ಭತ್ತದ ಗದ್ದೆ ಹೋದದ್ದೆಂದರೆ ಊಟದ ಅಕ್ಕಿ ಮಾತ್ರ ಹೋದದ್ದಲ್ಲ. ಮಳೆಗಾಲವಿಡೀ ನೀರು ಕಟ್ಟಿ ನಿಲ್ಲಿಸಿ ಬಾವಿಗಳಿಗೆ ಇಂಗಿಸುತ್ತಿದ್ದದ್ದು ಅವೇ. ಕಪ್ಪೆ, ಏಡಿ, ಗದ್ದೆಮೀನು, ಕೊಕ್ಕರೆ ಎಲ್ಲಕ್ಕೂ ಆಸರೆ ಅವೇ. ಎಷ್ಟೋ ಚರ್ಚುಗಳ ಸುತ್ತ ಈಗ ಒಂದು ಎಕರೆ ಗದ್ದೆಯೂ ಇಲ್ಲ. ಹಬ್ಬಕ್ಕೆ ಬೇಕಾದ ತೆನೆಯನ್ನು ದೂರದ ಊರಿನಿಂದ ಕೊಂಡು ತರುತ್ತಾರೆ. ಆಶೀರ್ವಾದ ಕೊಂಡ ತೆನೆಗೂ ಅಷ್ಟೇ ಸಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರಥಮ ಫಲವನ್ನು ದೇವರಿಗೆ ಕೊಡುತ್ತೇವೆ ಎಂದು ಮಕ್ಕಳ ಬಾಯಲ್ಲಿ ಹೇಳಿಸುವಾಗ, ಆ ಫಲಕ್ಕಾಗಿ ಅವರು ಒಂದು ದಿನವೂ ಮಣ್ಣು ಮುಟ್ಟಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಭರವಸೆಯ ಗುರುತುಗಳಿವೆ. ಕೆಲವು ಚರ್ಚುಗಳ ಯುವಜನರು ಹಡಿಲು ಬಿದ್ದ ಗದ್ದೆಗಳನ್ನು ಕೇಳಿ ಪಡೆದು ನೇಜಿ ನೆಟ್ಟಿದ್ದಾರೆ. ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ಜೂನಿನಲ್ಲಿ ಪರಿಸರ ಭಾನುವಾರ ಆಚರಿಸುತ್ತಾರೆ. ಇನ್ನೊಂದು ಚಿಕ್ಕ ರೂಢಿ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ: ಕ್ರಿಸ್ಮಸ್ಸಿನ ಗೋದಲಿಗೆ ಪೈರು ಬೆಳೆಸುವುದು. ಡಿಸೆಂಬರಿನಲ್ಲಿ ಮಕ್ಕಳು ಹಳೆಯ ಟ್ರೇಯಲ್ಲಿ ತೆಳ್ಳಗೆ ಮಣ್ಣು ಹರಡಿ ರಾಗಿಯೋ ಭತ್ತವೋ ಚೆಲ್ಲುತ್ತಾರೆ. ದಿನಾ ಬೆಳಿಗ್ಗೆ ನೀರು ಚಿಮುಕಿಸಿ ಕಾಯುತ್ತಾರೆ. ಮೂರನೆಯ ನಾಲ್ಕನೆಯ ದಿನ ಬಿಳಿ ಮೊಳಕೆ, ಆಮೇಲೆ ಹಸಿರು, ಹಬ್ಬದ ಹೊತ್ತಿಗೆ ಗೋದಲಿಯ ಮುಂದೆ ಗೇಣುದ್ದ ಗದ್ದೆ. ಗ್ರೆಚ್ಚಿಯೊ ಎಂಬ ಊರಿನಲ್ಲಿ 1223ರ ಕ್ರಿಸ್ಮಸ್ ರಾತ್ರಿ ಫ್ರಾನ್ಸಿಸ್ ಗೋದಲಿ ಮಾಡಿದಾಗ ಜೀವಂತ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿದ್ದರು. ಈ ರಾಗಿ ಪೈರು ಅದರ ನೇರ ವಾರಸು. ಅದರ ಮೇಲೆ ಥರ್ಮೊಕೋಲಿನ ಹಿಮ ಉದುರಿಸುವುದನ್ನು ದಯವಿಟ್ಟು ನಿಲ್ಲಿಸೋಣ. ಆ ಬಿಳಿ ಕಾಳುಗಳು ಜನವರಿಯಲ್ಲಿ ತೋಡು ಸೇರಿ, ಅಲ್ಲಿಂದ ಕಡಲು ಸೇರುತ್ತವೆ.

ಟ್ರೇಯಲ್ಲಿ ಆಗುವುದು ಗದ್ದೆಯಲ್ಲೂ ಆಗಬಹುದು. ಚರ್ಚಿಗೆ ಜಾಗವಿದ್ದರೆ ಅಲ್ಲೇ, ಇಲ್ಲವಾದರೆ ಊರಿನ ಯಾರದ್ದಾದರೂ ಹಡಿಲು ಗದ್ದೆಯ ಕಾಲು ಎಕರೆ. ನೂರು ದಿನಕ್ಕೆ ಬಲಿಯುವ ತಳಿಯಾದರೆ ಮೇ ಕೊನೆಯ ವಾರ ಬೀಜ ಬಿತ್ತಬೇಕು, ಆಗಲೇ ಸೆಪ್ಟೆಂಬರ್ 8ಕ್ಕೆ ಕಾಳು ಗಟ್ಟಿಯಾಗಿರುತ್ತದೆ. ನೇಜಿ ನಾಟಿಗೆ ಬರುವ ಜೂನ್ ತಿಂಗಳಿನಲ್ಲೇ ಧರ್ಮೋಪದೇಶ ತರಗತಿಯೂ ಶುರುವಾಗುತ್ತದೆ. ವರ್ಷದ ಮೊದಲ ಪಾಠವನ್ನು ನೇಜಿ ಕಿತ್ತು ನೆಡುವ ಗದ್ದೆಯಲ್ಲಿ ಇಟ್ಟುಕೊಳ್ಳಬಹುದು. ಕಲಿಸಲು ಬೇಸಾಯ ಬಲ್ಲ ಅಜ್ಜಿಯರು ಚರ್ಚಿನ ಪ್ರತಿ ವಾಳೆಯಲ್ಲೂ, ಅಂದರೆ ವಾರ್ಡಿನಲ್ಲೂ, ಇನ್ನೂ ಇದ್ದಾರೆ. ಅವರಲ್ಲಿ ಬಹಳ ಮಂದಿಯನ್ನು ಇದುವರೆಗೆ ಯಾರೂ ಕೇಳಿಲ್ಲ. ಜುಲೈಯಲ್ಲಿ ಕಳೆ ಕೀಳುವುದು ಆರನೆಯ ತರಗತಿಯವರಿಗೆ, ಆಗಸ್ಟಿನಲ್ಲಿ ಗಿಳಿ ಓಡಿಸುವುದು ಚಿಕ್ಕವರಿಗೆ. ಒಂದು ಅಂಚನ್ನು ಕೊಯ್ಯದೆ ಗಿಳಿಗಳಿಗೇ ಬಿಟ್ಟುಬಿಡಬೇಕೋ ಬೇಡವೋ ಎಂದು ಯಾಜಕಕಾಂಡ ಓದಿ ಮಕ್ಕಳೇ ಚರ್ಚಿಸಲಿ, ಅವರೇ ತೀರ್ಮಾನಿಸಲಿ. ಮಳೆ ಕೈಕೊಟ್ಟು ಒಂದು ವರ್ಷ ತೆನೆ ಜೊಳ್ಳಾದರೆ, ಆ ವರ್ಷ ಕೊಂಡು ತರೋಣ; ಜೊಳ್ಳಾದ ಒಂದು ಹಿಡಿಯನ್ನೂ ಮಕ್ಕಳು ಅದರ ಪಕ್ಕದಲ್ಲೇ ಇಟ್ಟು ಆಶೀರ್ವಾದ ಬೇಡಲಿ. ಬೀಜ ಕೊಡಲು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳಿವೆ, ಹಳೆಯ ತಳಿಗಳನ್ನು ಉಳಿಸಿಕೊಂಡ ರೈತರೂ ಜಿಲ್ಲೆಯಲ್ಲಿದ್ದಾರೆ. ಮೇ ತಿಂಗಳ ಮೊದಲ ಭಾನುವಾರ ಪೂಜೆಯ ನಂತರ ಗದ್ದೆ ಕೊಡುವವರು ಯಾರಿದ್ದೀರಿ ಎಂದು ಗುರುಗಳು ಕೇಳಿದರೆ, ಕೈ ಎತ್ತುವ ಒಬ್ಬರಾದರೂ ಪ್ರತಿ ಚರ್ಚಿನಲ್ಲೂ ಇರುತ್ತಾರೆಂದು ನಾನು ನಂಬಿದ್ದೇನೆ.